ಕೀ ಕೊಡುವ ವಾಚಿಗೆ ಪೆಟ್ಟು ಕೊಟ್ಟದ್ದು ಸ್ಮಾರ್ಟ್‌ವಾಚ್ ಅಲ್ಲ

ನಿಮ್ಮ ತಂದೆಯವರ ಎಚ್‌ಎಂಟಿ ಪೈಲಟ್‌ನಂಥ ವಾಚುಗಳ ಕಥೆಯನ್ನು ಸ್ಮಾರ್ಟ್‌ವಾಚ್ ಮುಗಿಸಿತಾ ಅಂತ ಕೇಳಿದ್ದೀರಿ. ಇಲ್ಲ ಸಾರ್, ಆ ಹೊಡೆತ ಬಿದ್ದದ್ದು ಎಷ್ಟೋ ಮುಂಚೆ. 1969ರಲ್ಲಿ ಜಪಾನಿನ ಸೀಕೋ ಕಂಪನಿ ಕ್ವಾರ್ಟ್ಜ್ ವಾಚ್ ತಂದಿತು. ಸೆಲ್ ಹಾಕಿದರೆ ಸಾಕು, ದಿನಾ ಕೀ ಕೊಡುವ ಗೋಜಿಲ್ಲ, ಟೈಮೂ ಪಕ್ಕಾ. ಎಂಬತ್ತರ ದಶಕದ ಕೊನೆಗೆ ಹೊಸೂರಿನ ಟೈಟನ್ ಅದನ್ನೇ ಚೆಂದ ಮಾಡಿ ಮಾರಿತು. ಎಚ್‌ಎಂಟಿ ಅಲ್ಲೇ ಎಡವಿತು.

ಈಗ ಸ್ಮಾರ್ಟ್‌ವಾಚ್ ಕಿತ್ತುಕೊಳ್ಳುತ್ತಿರುವುದು ಜಾಸ್ತಿ ಆ ಅಗ್ಗದ ಸೆಲ್ ವಾಚುಗಳ ಗಿರಾಕಿಗಳನ್ನೇ. ಸ್ವಿಸ್ ರಫ್ತು ನೋಡಿ: ಹತ್ತು ವರ್ಷದ ಹಿಂದಕ್ಕೆ ಹೋಲಿಸಿದರೆ ವಾಚುಗಳ ಸಂಖ್ಯೆ ಇಳಿದಿದೆ, ದುಡ್ಡು ಮಾತ್ರ 2023ರಲ್ಲಿ ದಾಖಲೆ ಮುಟ್ಟಿತು. ಅದರಲ್ಲಿ ಸಿಂಹಪಾಲು ದುಬಾರಿ ಮೆಕ್ಯಾನಿಕಲ್ ವಾಚಿನದು, ಅಂದರೆ ಸೆಲ್ ಇಲ್ಲದೆ ಸ್ಪ್ರಿಂಗಿನಿಂದ ನಡೆಯುವಂಥದ್ದು.

ನನಗೆ ಚಿಂತೆ ರಿಪೇರಿಯವರದ್ದು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬ್ಯಾಲೆನ್ಸ್ ವೀಲ್ (ಅತ್ತಿತ್ತ ಆಡುತ್ತಾ ವಾಚಿನ ಓಟ ಹದವಾಗಿಡುವ ಪುಟ್ಟ ಚಕ್ರ) ಕೂರಿಸುವವರು ಕಮ್ಮಿಯಾಗುತ್ತಿದ್ದಾರೆ. ಸರ್ವಿಸ್ ಮಾಡಿಸುವುದಿದ್ದರೆ ಈಗಲೇ ಮಾಡಿಸಿ.