ಆಪ್ತಸಲಹೆ ಪ್ರಕರಣ: ಅಪ್ಪನ ಕಾರನ್ನು ಏನು ಮಾಡೋಣ?

ಇದನ್ನು ಬರೆಯಲು ಕುಟುಂಬದವರ ಒಪ್ಪಿಗೆ ಇದೆ. ಗುರುತು ಸಿಗದಂತೆ ಊರು, ಕೆಲಸ ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಬಂದವರು ನಲವತ್ತರ ಆಸುಪಾಸಿನ ಮಗ. ಕೆಲಸ ಬೆಂಗಳೂರಿನಲ್ಲಿ. ತಂದೆ ತಿಪಟೂರು ಕಡೆ ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತರಾದವರು, ತೀರಿಕೊಂಡು ಎರಡು ತಿಂಗಳಾಗಿತ್ತು. ರಾತ್ರಿ ನಿದ್ದೆ ಬರುತ್ತಿಲ್ಲ ಎಂದು ಮಾತು ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ಕಾರಿನ ವಿಷಯ ಬಂತು. 2004ರಲ್ಲಿ ಅಪ್ಪ ಕೊಂಡ ಬಿಳಿ ಮಾರುತಿ 800. ಅಕ್ಕ ಫೋನಿನಲ್ಲಿ "ಅದನ್ನ ಯಾರಿಗಾದ್ರೂ ಕೊಟ್ಟುಬಿಡೋಣ" ಅಂದಿದ್ದಾರೆ. ಇವರು ಫೋನ್ ಕಟ್ ಮಾಡಿದ್ದಾರೆ. ಅಲ್ಲಿಂದ ಇಬ್ಬರಿಗೂ ಮಾತಿಲ್ಲ.

"ಮಾರಿದ್ರೆ ನಲವತ್ತು ಸಾವಿರ ಬರಬಹುದು ಮೇಡಂ. ಅಷ್ಟಕ್ಕೆ ಅಪ್ಪನ್ನ ಮಾರೋಕಾಗುತ್ತಾ?"

ಆ ಕಾರಿನಲ್ಲಿ ಇವರು ಏನೇನು ಕಂಡಿದ್ದಾರೆ ಅಂತ ಕೇಳಿದೆ. ಶಾಲೆಯ ಮೈದಾನದಲ್ಲಿ ಅಪ್ಪ ಗೇರ್ ಹಾಕುವುದನ್ನು ಕಲಿಸಿದ್ದು. ಧರ್ಮಸ್ಥಳಕ್ಕೆ ಹೋಗುವಾಗ ಚಾರ್ಮಾಡಿ ಘಾಟಿಯಲ್ಲಿ ನಿಲ್ಲಿಸಿ ಬುತ್ತಿ ಬಿಚ್ಚಿದ್ದು. ಹೇಳುತ್ತಾ ಹೇಳುತ್ತಾ ಅತ್ತರು. ಅಕ್ಕನಿಗೆ ಇದ್ಯಾವುದೂ ನೆನಪಿಲ್ಲ, ಅವಳಿಗೆ ಮನಸ್ಸೇ ಇಲ್ಲ ಅನ್ನುವುದು ಅವರ ಸಿಟ್ಟು.

ಅಕ್ಕ ಇರುವುದು ತುಮಕೂರಿನಲ್ಲಿ. ಅವರೊಂದಿಗೆ ಬೇರೆಯಾಗಿ ಮಾತಾಡಿದೆ. ಅಪ್ಪನಿಗೆ ಕಿಡ್ನಿ ಹೋಗಿ, ಕೊನೆಯ ವರ್ಷ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗುತ್ತಿತ್ತು. ಕರೆದುಕೊಂಡು ಹೋಗಿ ಬರುತ್ತಿದ್ದವರು ಈ ಮಗಳು, ಇದೇ ಕಾರಿನಲ್ಲಿ. ವಾಪಸ್ ಬರುವಾಗ ಅಪ್ಪ ಸುಸ್ತಾಗಿ ಮಾತೇ ಆಡುತ್ತಿರಲಿಲ್ಲವಂತೆ, ಕೆಲವು ಸಲ ವಾಂತಿ. "ಆ ಸೀಟಲ್ಲಿ ಕೂತ್ರೆ ನನಗೆ ಅಪ್ಪ ಕಾಣಲ್ಲ ಮೇಡಂ, ವಾರ್ಡ್ ಕಾಣುತ್ತೆ" ಎಂದರು.

ಮಗನಿಗೆ ಆ ಕಾರು ಅಪ್ಪ ಗಟ್ಟಿಮುಟ್ಟಾಗಿದ್ದ ದಿನಗಳು. ಮಗಳಿಗೆ ಅಪ್ಪನ ಕಾಯಿಲೆ. ಯಾರಿಗೆ ಅಪ್ಪನ ಮೇಲೆ ಪ್ರೀತಿ ಜಾಸ್ತಿ ಎಂಬ ಪ್ರಶ್ನೆಯೇ ಇಲ್ಲಿಲ್ಲ. ಇಟ್ಟುಕೊಳ್ಳೋಣ ಅನ್ನುವವರನ್ನು ಭಾವುಕರು, ಕೊಟ್ಟುಬಿಡೋಣ ಅನ್ನುವವರನ್ನು ಕಲ್ಲುಮನಸ್ಸಿನವರು ಎಂದು ಹಣೆಪಟ್ಟಿ ಹಚ್ಚಿ ಎಷ್ಟೋ ಮನೆಗಳಲ್ಲಿ ಅಣ್ಣತಮ್ಮ, ಅಕ್ಕತಂಗಿ ದೂರವಾಗುತ್ತಾರೆ. ನನಗೆ ಇದು ತುಂಬಾ ಬೇಸರದ ವಿಷಯ. ಕೊಟ್ಟುಬಿಡೋಣ ಅನ್ನುವವರೇ ಎಷ್ಟೋ ಸಲ ಜಾಸ್ತಿ ಸೇವೆ ಮಾಡಿ ಬಳಲಿದವರು.

ಇಷ್ಟಾದರೂ ತಾಯಿಯನ್ನು ಯಾರೂ ಕೇಳಿರಲಿಲ್ಲ. "ಅಮ್ಮಂಗೆ ಬೇಕೇ ಬೇಕು, ದಿನಾ ಬೆಳಗ್ಗೆ ಒರೆಸ್ತಾರೆ" ಎಂದು ಮಗ ಹೇಳಿದ್ದರು. ತಾಯಿಯನ್ನೇ ಕರೆಸಿದೆ. "ಊರಿಗೆ ಬಂದಾಗ ಅವನು ಮೊದಲು ನೋಡೋದು ಅದನ್ನೇ. ಧೂಳು ಕೂತಿದ್ರೆ ನೊಂದ್ಕೋತಾನೆ ಅಂತ ಒರೆಸ್ತೀನಿ" ಎಂದರು ಅವರು. ಮಗ ಅಮ್ಮನಿಗಾಗಿ ಇಟ್ಟಿದ್ದಾರೆ, ಅಮ್ಮ ಮಗನಿಗಾಗಿ. "ನಿಮಗೇನು ಬೇಕಮ್ಮ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ವರ್ಷ ತುಂಬೋವರೆಗೆ ಇರಲಿ. ಆಮೇಲೆ ಓಡಿಸೋರಿಗೆ ಕೊಡಿ. ಗುಜರಿಗೆ ಮಾತ್ರ ಹಾಕಬೇಡಿ."

ನಾನು ಕೊಟ್ಟ ಮೊದಲ ಸಲಹೆ: ಕಾಗದದ ಕೆಲಸ ಬೇರೆ, ಮನಸ್ಸಿನ ಕೆಲಸ ಬೇರೆ. ಎರಡನ್ನೂ ಕಲೆಸಬೇಡಿ. ಕಾಗದಕ್ಕೆ ಗಡುವು ಇದೆ, ದುಃಖಕ್ಕೆ ಇಲ್ಲ.

ಮಾಲೀಕರು ತೀರಿಕೊಂಡರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಮೂರು ತಿಂಗಳೊಳಗೆ ಫಾರಂ 31 ಕೊಟ್ಟು ಕಾರನ್ನು ವಾರಸುದಾರರ ಹೆಸರಿಗೆ ಮಾಡಿಸಬೇಕು. ಇವರಿಗೆ ಮೊದಲ ಗಡುವು ದಾಟಿತ್ತು, ಎರಡನೆಯದಕ್ಕೆ ಇನ್ನೂ ಸಮಯವಿತ್ತು. ವಿಮೆಯೂ ಹೀಗೆಯೇ. ಸಾಮಾನ್ಯವಾಗಿ ಪಾಲಿಸಿ ಸಾವಿನ ದಿನದಿಂದ ಮೂರು ತಿಂಗಳು ಅಥವಾ ಅದರ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ಚಾಲ್ತಿಯಲ್ಲಿರುತ್ತದೆ. ಅದು ಗೊತ್ತಿಲ್ಲದೆ ಅಪ್ಪನ ನೆನಪಿಗೆ ಒಂದು ಸುತ್ತು ಹೋಗಿ ಅಪಘಾತವಾದರೆ ಏನು ಗತಿ?

ಉಯಿಲು ಇರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲು. ಹಾಗಾಗಿ ಒಬ್ಬರೇ ಇಟ್ಟುಕೊಳ್ಳುವಂತೆಯೂ ಇಲ್ಲ, ಮಾರುವಂತೆಯೂ ಇಲ್ಲ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಮಕ್ಕಳಿಬ್ಬರ ಒಪ್ಪಿಗೆ ಪತ್ರ ಸೇರಿಸಿ ಸದ್ಯಕ್ಕೆ ಅಮ್ಮನ ಹೆಸರಿಗೆ ಮಾಡಿಸಿ ಎಂದೆ. "ಅಮ್ಮನಿಗೆ ಡ್ರೈವಿಂಗ್ ಲೈಸೆನ್ಸ್ ಇಲ್ಲವಲ್ಲ" ಎಂದರು ಮಗ. ಓಡಿಸುವವರಿಗೆ ಲೈಸೆನ್ಸ್ ಬೇಕು, ಕಾರು ಹೆಸರಿನಲ್ಲಿರಲು ಬೇಕಿಲ್ಲ. ಹೆಸರು ಬದಲಾದ ಮಾತ್ರಕ್ಕೆ ಕಾರು ಇಟ್ಟುಕೊಳ್ಳುವುದೆಂದು ತೀರ್ಮಾನವಾದಂತಲ್ಲ. ಯೋಚಿಸಲು ಸಮಯ ಸಿಗುತ್ತದೆ, ಅಷ್ಟೇ.

ಇನ್ನು ಮನಸ್ಸಿನ ಕೆಲಸ. ನಿದ್ದೆಗೆಡುವುದು, ದಿಢೀರನೆ ಅಳು ಬರುವುದು ಎರಡು ತಿಂಗಳಿಗೆ ಕಾಯಿಲೆಯಲ್ಲ. ದುಃಖ ದೀರ್ಘವಾಗಿ ತೊಂದರೆಯಾಗಿದೆ ಎನ್ನಲು ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ ಪ್ರಕಾರವೂ ಕನಿಷ್ಠ ಆರು ತಿಂಗಳು ಕಳೆದಿರಬೇಕು. ಆದರೆ ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಕನ್ನಡದಲ್ಲೂ ಮಾತಾಡುತ್ತಾರೆ.

ಮಗನಿಗೆ ಒಂದು ಕೆಲಸ ಹೇಳಿದೆ. ಅಕ್ಕನಿಗೆ ಫೋನ್ ಮಾಡಿ, ಆದರೆ ಕಾರಿನ ಮಾತು ಎತ್ತಬೇಡಿ. ಡಯಾಲಿಸಿಸ್‌ಗೆ ಹೋಗಿ ಬರುತ್ತಿದ್ದ ದಿನಗಳು ಹೇಗಿದ್ದವು ಅಂತ ಕೇಳಿ. ಕೇಳಿ, ಸುಮ್ನೆ ಕೇಳಿಸಿಕೊಳ್ಳಿ. ಸಮಾಧಾನ ಹೇಳಲು ಹೋಗಬೇಡಿ. ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಇದೇ ಆಗಿತ್ತು. ಅವರು ಒಂದೆರಡು ವಾರ ಮುಂದೂಡಿ, ಕೊನೆಗೆ ಮಾಡಿದರು. ಅಂದು ರಾತ್ರಿ ಅಕ್ಕ ತಮ್ಮ ಬಹಳ ಹೊತ್ತು ಮಾತಾಡಿದರಂತೆ.

ಹೊಸ ಆರ್‌ಸಿ ಮತ್ತು ವಿಮೆ ಕೈಗೆ ಬಂದ ಮೇಲೆ, ಊರಿಗೆ ಹೋದಾಗಲೆಲ್ಲ ಕಾರನ್ನು ಓಡಿಸಿ ಎಂದೂ ಹೇಳಿದ್ದೆ. ನಿಂತ ಕಾರಿನ ಬ್ಯಾಟರಿ ಇಳಿಯುತ್ತದೆ, ಟೈರ್ ಕೂರುತ್ತದೆ, ಇಲಿ ವೈರ್ ಕಡಿಯುತ್ತದೆ. ಪ್ರೀತಿಯಿಂದ ನಿಲ್ಲಿಸಿಟ್ಟ ಕಾರೇ ಕೊನೆಗೆ ಯಾರಿಗೂ ಬೇಡವಾಗಿ ಗುಜರಿಗೆ ಹೋಗುತ್ತದೆ. ಮಗಳಿಗೆ ಬೇರೆ ಮಾತು: ನೀವು ಆ ಕಾರು ಹತ್ತಲೇಬೇಕೆಂದಿಲ್ಲ, ಅದಕ್ಕೆ ಕಾರಣವನ್ನೂ ಯಾರಿಗೂ ಕೊಡಬೇಕಿಲ್ಲ.

ಕಾರಿನೊಳಗಿನ ಸಾಮಾನನ್ನು ಒಬ್ಬರೇ ಕೂತು ತೆಗೆಯಬೇಡಿ ಎಂದಿದ್ದೆ. ತಾಯಿ ಮಗ ಜೊತೆಯಾಗಿ ತೆಗೆದರು. ಪೆಟ್ರೋಲ್ ಲೆಕ್ಕ ಬರೆದ ಪುಸ್ತಕವನ್ನು ಮಗ ಇಟ್ಟುಕೊಂಡರು. ಆಸ್ಪತ್ರೆಯ ಚೀಟಿಗಳನ್ನು ತಾಯಿ ಒಲೆಗೆ ಹಾಕಿದರು.

ವರ್ಷದ ತಿಥಿ ಮುಗಿದ ಮೇಲೆ ಮೂವರೂ ಕೂತು ಮಾತಾಡಿದರು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇನ್ನೊಂದು ಕಾರಿಗೆ ಜಾಗವಿಲ್ಲ. 15 ವರ್ಷ ದಾಟಿದ ಕಾರಿಗೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು, ಹಸಿರು ತೆರಿಗೆ ಕಟ್ಟಬೇಕು. ಮಗನೇ ಕೊಡೋಣ ಅಂದರು. ಅದೇ ಊರಿನಲ್ಲಿ ಕೆಲಸಕ್ಕೆ ಓಡಾಡಲು ಕಾರು ಹುಡುಕುತ್ತಿದ್ದ ಒಬ್ಬ ನರ್ಸ್ ಕೊಂಡರು. ಬರೀ ಸಹಿ ಹಾಕಿ ಕೀ ಕೊಡಬೇಡಿ, ಫಾರಂ 29 ಮತ್ತು 30 ಕೊಟ್ಟು ಹೆಸರು ಬದಲಾಗುವವರೆಗೆ ಬೆನ್ನು ಹತ್ತಿ ಎಂದು ಒತ್ತಿ ಹೇಳಿದ್ದೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆ ಭಾರ ಒಂಟಿಯಾಗಿರುವ ತಾಯಿಯ ತಲೆಗೆ ಬರಬಾರದು, ಅಲ್ವಾ?

ಮಗ ಈಗಲೂ ಬರುತ್ತಾರೆ. ನಿದ್ದೆ ಎಷ್ಟೋ ವಾಸಿ. ಕಾರಿನ ಮಾತು ಮುಗಿದಿದೆ. ಅಪ್ಪನ ಡಯಾಲಿಸಿಸ್ ನಡೆಯುತ್ತಿದ್ದ ವರ್ಷ ತಾನು ಹೆಚ್ಚು ಸಲ ಊರಿಗೆ ಬರಲಿಲ್ಲ ಎಂಬ ಮಾತನ್ನು ಈಗ ಆಡತೊಡಗಿದ್ದಾರೆ.