ಇಷ್ಟೆಲ್ಲ ರಫ್ತು ಮಾಡುವ ಜರ್ಮನಿಗೆ ಏನಾಯಿತು?

ಹಾಸನದ ನಿವೃತ್ತ ಮೇಷ್ಟ್ರೊಬ್ಬರ ಪತ್ರ: "ಜರ್ಮನಿ ಕೊಳ್ಳುವುದಕ್ಕಿಂತ ಜಾಸ್ತಿ ಮಾಲನ್ನು ಹೊರಗೆ ಮಾರುತ್ತದೆ. ಆದರೂ 2023, 2024 ಎರಡೂ ವರ್ಷ ಅದರ ಆರ್ಥಿಕತೆ ಕುಗ್ಗಿತು ಎಂದು ನಿಮ್ಮ ಪತ್ರಿಕೆಯಲ್ಲೇ ಓದಿದೆ. ರಫ್ತು ಹೆಚ್ಚಿದರೆ ದೇಶ ಉದ್ಧಾರ ಎಂದು ವರ್ಷಾನುಗಟ್ಟಲೆ ಪಾಠ ಮಾಡಿದವನು ನಾನು. ಇದೇನು ಲೆಕ್ಕ? ಮಗ ಮೆಕ್ಯಾನಿಕಲ್ ಎಂಎಸ್ ಓದಲು ಆಖೆನ್‌ಗೆ ಹೊರಟಿದ್ದಾನೆ. ಕಳಿಸಬಹುದಾ?"

ಮೇಷ್ಟ್ರೇ, ನೀವು ಹೇಳಿದ ಎರಡೂ ನಿಜ. 2024ರಲ್ಲಿ ಜರ್ಮನಿಯ ರಫ್ತು ಅದರ ಆಮದಿಗಿಂತ 20,000 ಕೋಟಿ ಯೂರೊಗೂ ಜಾಸ್ತಿ ಇತ್ತು. ಅದೇ ವರ್ಷ ಆರ್ಥಿಕತೆ ಕುಗ್ಗಿತು. ಈ ಮಿಗತೆಯನ್ನು ಲಾಭ ಎಂದುಕೊಂಡಾಗಲೇ ಲೆಕ್ಕ ತಪ್ಪುವುದು. ದೇಶ ದುಡಿದಷ್ಟನ್ನು ಒಳಗೆ ಖರ್ಚು ಮಾಡಲಿಲ್ಲ, ಮಿಕ್ಕ ಹಣ ಹೊರಗೆ ಹೋಯಿತು. ಮಿಗತೆ ಹೇಳುವುದು ಅಷ್ಟನ್ನೇ.

2005ರಲ್ಲಿ ಅಲ್ಲಿ ಸುಮಾರು 50 ಲಕ್ಷ ಜನಕ್ಕೆ ಕೆಲಸವಿರಲಿಲ್ಲ. ಆಗಿನ ಚಾನ್ಸಲರ್ ಶ್ರೋಡರ್ ಅವರ ಸರ್ಕಾರ ನಿರುದ್ಯೋಗ ಭತ್ಯೆಯನ್ನು ಬಿಗಿ ಮಾಡಿತ್ತು. ಕಾರ್ಮಿಕ ಸಂಘಗಳೂ ಸಂಬಳ ಏರಿಸಿ ಎಂದು ಜಾಸ್ತಿ ಜಗ್ಗಲಿಲ್ಲ. ಹೀಗಾಗಿ ಅವರ ಮಾಲಿನ ಖರ್ಚು ಏರಲಿಲ್ಲ, ಹೊರಗೆ ಮಾರುವುದು ಸುಲಭವಾಯಿತು. ಇಟಲಿಯಂಥ ದೇಶಗಳು ಮೊದಲು ತಮ್ಮ ನಾಣ್ಯದ ಬೆಲೆ ಇಳಿಸಿ ಪೈಪೋಟಿ ಕೊಡುತ್ತಿದ್ದವು. ಯೂರೊ ಬಂದ ಮೇಲೆ ಆ ದಾರಿ ಮುಚ್ಚಿತು. ಚೀನಾ ಆಗಷ್ಟೇ ಸಾಲುಸಾಲಾಗಿ ಕಾರ್ಖಾನೆ ಕಟ್ಟುತ್ತಿತ್ತು. ಅದಕ್ಕೆ ಯಂತ್ರ ಬೇಕಿತ್ತು. 2003ರಿಂದ 2008ರವರೆಗೆ ಜಗತ್ತಿನ ನಂಬರ್ ಒನ್ ರಫ್ತುದಾರ ಜರ್ಮನಿಯೇ.

ಆ ಹಣ ಎಲ್ಲಿಗೆ ಹೋಯಿತು? ಡ್ಯುಸೆಲ್‌ಡಾರ್ಫ್‌ನ ಐಕೆಬಿ ಬ್ಯಾಂಕನ್ನು ನೋಡಿ. ಮಧ್ಯಮ ಗಾತ್ರದ ಕೈಗಾರಿಕೆಗಳಿಗೆ ಸಾಲ ಕೊಡುವುದು ಅದರ ಕಸುಬು. ಅದು ಅಮೆರಿಕದ ಮನೆ ಸಾಲದ ಪತ್ರಗಳನ್ನು ಕೊಂಡು, 2007ರಲ್ಲಿ ಮುಳುಗುವ ಸ್ಥಿತಿಗೆ ಬಂತು. ಕೊನೆಗೆ ಸರ್ಕಾರಿ ಬ್ಯಾಂಕೇ ಕೈಹಿಡಿಯಬೇಕಾಯಿತು. ಬೆವರು ಸುರಿಸಿ ಯಂತ್ರ ಮಾರಿ ಗಳಿಸಿದ ದುಡ್ಡು, ಯಾರದೋ ಫ್ಲಾರಿಡಾ ಮನೆಯ ಕಂತಿನಲ್ಲಿ ಕರಗುವುದು ಅಂದರೆ ಹೀಗೆ!

ಊರಿಗೆಲ್ಲ ಸಾಲ ಕೊಟ್ಟವರ ಮನೆಯ ಹೆಂಚು ಮಾತ್ರ ಸೋರುತ್ತಿತ್ತು. ಸರ್ಕಾರ ಜಾಸ್ತಿ ಸಾಲ ಮಾಡಕೂಡದು ಎಂದು 2009ರಲ್ಲಿ ಸಂವಿಧಾನದಲ್ಲೇ ಬರೆದುಕೊಂಡರು. ರಿಪೇರಿಗಳು ಮುಂದಕ್ಕೆ ಹೋದವು. ಲ್ಯೂಡೆನ್‌ಶೈಡ್ ಎಂಬ ಊರಿದೆ. ಸುತ್ತಮುತ್ತ ಲೋಹದ ಬಿಡಿಭಾಗ ಮಾಡುವ ಸಣ್ಣಪುಟ್ಟ ಕಾರ್ಖಾನೆಗಳು, ಹಲವು ಕುಟುಂಬದವರೇ ನಡೆಸುವಂಥವು. ಅಲ್ಲಿ ಹೆದ್ದಾರಿಯ ರಾಮೆಡೆ ಸೇತುವೆ ಹಾಳಾಗಿದೆ ಎಂದು 2021ರ ಡಿಸೆಂಬರಿನಲ್ಲಿ ದಿಢೀರನೆ ಮುಚ್ಚಿದರು. 2023ರ ಮೇನಲ್ಲಿ ಸಿಡಿಮದ್ದಿಟ್ಟು ಉರುಳಿಸಿದರು. ಮುಚ್ಚಿದಂದಿನಿಂದ ಹೆದ್ದಾರಿಯ ಲಾರಿಗಳು ಊರೊಳಗೆ ನುಗ್ಗಿದವು. ಮಾಲೂ ತಡವಾಯಿತು, ಕೆಲಸಗಾರರೂ ತಡವಾದರು. 2024ರಲ್ಲಿ ಡ್ರೆಸ್ಡೆನ್‌ನ ಕರೋಲಾ ಸೇತುವೆಯ ಒಂದು ಭಾಗ ನದಿಗೇ ಕುಸಿಯಿತು. ರೈಲಿನ ಕತೆ ಕೇಳಲೇಬೇಡಿ. ಆ ವರ್ಷ ದೂರದ ರೈಲುಗಳಲ್ಲಿ ಟೈಮಿಗೆ ಸರಿಯಾಗಿ ಬಂದದ್ದು ನೂರಕ್ಕೆ 62–63 ಮಾತ್ರ. ಸಮಯಪಾಲನೆಗೆ ಜರ್ಮನ್ ರೈಲಿನ ಉದಾಹರಣೆ ಕೊಡುವವರು ನಮ್ಮಲ್ಲಿ ಇನ್ನೂ ಇದ್ದಾರೆ, ಅಲ್ವಾ?

ಎಲ್ಲಕ್ಕೂ ರಷ್ಯಾದ ಗ್ಯಾಸ್ ನಿಂತದ್ದೇ ಕಾರಣ ಎನ್ನುವವರಿದ್ದಾರೆ. ಹೊಡೆತ ದೊಡ್ಡದೇ. ಉಕ್ರೇನ್ ಯುದ್ಧಕ್ಕೆ ಮುಂಚೆ ಅವರು ತರಿಸುತ್ತಿದ್ದ ಗ್ಯಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲಿಯದು. ಆದರೆ ಕಾರ್ಖಾನೆಗಳ ಉತ್ಪಾದನೆ 2018ರಿಂದಲೇ ಇಳಿಮುಖವಾಗಿತ್ತು. ಆಗ ಗ್ಯಾಸ್ ಸಲೀಸಾಗಿ ಬರುತ್ತಿತ್ತು.

ನನ್ನ ಪ್ರಕಾರ ಚೀನಾದ ಹೊಡೆತವೇ ಹೆಚ್ಚು ಆಳದ್ದು. ಯಂತ್ರ ಕೊಂಡವರು ಯಂತ್ರ ಮಾಡುವುದನ್ನೂ ಕಲಿತರು. ಆಗ್ಸ್‌ಬರ್ಗ್‌ನ ರೋಬಾಟ್ ಕಂಪನಿ ಕೂಕಾವನ್ನು 2016ರಲ್ಲಿ ಚೀನಾದ ಮಿಡಿಯಾ ಎಂಬ ಕಂಪನಿ ಕೊಂಡುಕೊಂಡಿತು. ಚೀನಾದಲ್ಲಿ ದಶಕಗಳ ಕಾಲ ಅತಿ ಹೆಚ್ಚು ಮಾರಾಟವಾಗುತ್ತಿದ್ದ ಕಾರು ಫೋಕ್ಸ್‌ವ್ಯಾಗನ್. 2023ರಲ್ಲಿ ಚೀನಾದ್ದೇ ಕಂಪನಿ ಬಿವೈಡಿ ಅದನ್ನು ಹಿಂದೆ ಹಾಕಿತು. ಮರುವರ್ಷ ಡಿಸೆಂಬರಿನಲ್ಲಿ, 2030ರೊಳಗೆ ಜರ್ಮನಿಯಲ್ಲಿ 35,000 ಹುದ್ದೆ ಕಡಿಮೆ ಮಾಡುವ ಒಪ್ಪಂದಕ್ಕೆ ಫೋಕ್ಸ್‌ವ್ಯಾಗನ್ ಮತ್ತು ಕಾರ್ಮಿಕ ಸಂಘ ಬಂದವು. ಹೊರಗಿನ ಗಿರಾಕಿಯನ್ನೇ ನಂಬಿದ್ದವರಿಗೆ, ಆತ ಮುಖ ತಿರುಗಿಸಿದಾಗ ಒಳಗೆ ಕೊಳ್ಳುವವರು ಸಾಲಲಿಲ್ಲ.

2025ರ ಮಾರ್ಚಿನಲ್ಲಿ ಸಾಲದ ನಿಯಮ ಸಡಿಲಿಸಿ, ರಸ್ತೆ, ರೈಲು, ವಿದ್ಯುತ್ ಮುಂತಾದವಕ್ಕೆ 50,000 ಕೋಟಿ ಯೂರೊ ನಿಧಿಗೆ ದಾರಿ ಮಾಡಿದರು. ಒಳ್ಳೆಯದೇ, ಆದರೆ ತೀರಾ ತಡ. 2020ರ ಹೊತ್ತಿಗೆ ಅವರ ಸರ್ಕಾರದ ಹತ್ತು ವರ್ಷದ ಸಾಲಪತ್ರದ (ಬಾಂಡ್) ಮೇಲಿನ ಬಡ್ಡಿ ಸೊನ್ನೆಗಿಂತ ಕೆಳಗಿತ್ತು. ಸಾಲ ಕೊಟ್ಟವರೇ ಕೈಯಿಂದ ಕಳೆದುಕೊಳ್ಳುತ್ತಿದ್ದ ಆ ಕಾಲದಲ್ಲಿ ಸುಮ್ನೆ ಕೈಕಟ್ಟಿ ಕೂತರು.

ಇನ್ನು ಮಗನ ವಿಷಯ. ಧೈರ್ಯವಾಗಿ ಕಳಿಸಿ. ಆದರೆ ಕಾರು ಕಂಪನಿಯ ಕೆಲಸವೊಂದನ್ನೇ ನೆಚ್ಚಿಕೊಂಡು ಹೋಗುವುದು ಬೇಡ. ಬೆಂಗಳೂರಿನ ಹಳಬರು ಇನ್ನೂ ಮೈಕೋ ಎನ್ನುವ ಬಾಷ್ ಕೂಡ 2025ರ ಸೆಪ್ಟೆಂಬರಿನಲ್ಲಿ ವಾಹನ ವಿಭಾಗದಲ್ಲಿ ಇನ್ನೂ 13,000 ಹುದ್ದೆ ಕಡಿತ ಎಂದಿತು. ರೈಲು, ವಿದ್ಯುತ್ ಜಾಲದ ಕಡೆ ಕೆಲಸವಿದೆ, ವಯಸ್ಸಾದವರು ನಿವೃತ್ತರಾಗುತ್ತಿದ್ದಾರೆ. ನುರಿತ ಭಾರತೀಯರಿಗೆ ವರ್ಷಕ್ಕೆ 20,000 ಇದ್ದ ವೀಸಾ ಸಂಖ್ಯೆಯನ್ನು 90,000ಕ್ಕೆ ಏರಿಸುವುದಾಗಿ 2024ರಲ್ಲೇ ಹೇಳಿದ್ದಾರೆ. ಕೋರ್ಸು ಇಂಗ್ಲಿಷಿನಲ್ಲಿ ಇದ್ದರೂ, ಸಣ್ಣ ಊರಿನ ಕಾರ್ಖಾನೆಯಲ್ಲಿ ಮಾತೆಲ್ಲ ಜರ್ಮನ್‌ನಲ್ಲೇ. ಇಂದಿರಾನಗರದ ಮ್ಯಾಕ್ಸ್ ಮ್ಯುಲ್ಲರ್ ಭವನದಲ್ಲಿ ಕಲಿಸುತ್ತಾರೆ. ಹೊರಡುವುದರೊಳಗೆ ಜರ್ಮನ್ ಭಾಷೆಯ ಮಧ್ಯಮ ಮಟ್ಟದ ಬಿ1 ಪರೀಕ್ಷೆ ಮುಗಿಸಿಕೊಳ್ಳಲು ಹೇಳಿ.

— ಸಂಪಾದಕ