ಗೋಡೆ ನಡುಗಿದರೆ ಪಾಲಿಗಾನ್ ಕತ್ತರಿಸಬೇಡಿ

ಸರ್, ಕೋಲಾರದ ಕಲ್ಯಾಣ ಮಂಟಪದ 3ಡಿ ಮಾಡೆಲ್ ಬ್ರೌಸರ್‌ನಲ್ಲಿ ತಿರುಗಿಸಿದರೆ ಗೋಡೆಗಳು ನಡುಗುತ್ತವೆ, ಪಾಲಿಗಾನ್ (ಮಾಡೆಲ್ ಕಟ್ಟುವ ಚಪ್ಪಟೆ ತುಂಡುಗಳು) ಅರ್ಧ ಇಳಿಸಿದರೂ ಸರಿಹೋಗಲಿಲ್ಲ ಅಂದಿದ್ದೀರಿ. ಇನ್ನೂ ಇಳಿಸಬೇಡಿ, ದಯವಿಟ್ಟು. ತುಮಕೂರಿನ ಒಂದು ಶಾಲೆ ಕಟ್ಟಡಕ್ಕೆ ನಾನೂ ಇದೇ ಮಾಡಿ ಮೂರು ವಾರ ಹಾಳು ಮಾಡಿಕೊಂಡೆ. ದುಂಡು ಕಂಬಗಳೆಲ್ಲ ಆರು ಮೂಲೆಯವಾದವು, ನಡುಕ ಮಾತ್ರ ಹಾಗೇ ಇತ್ತು.

ನಿಮ್ಮ ಸ್ಕ್ರೀನ್‌ಶಾಟ್‌ನಲ್ಲೇ ಉತ್ತರ ಇದೆ. ನಾರ್ತಿಂಗ್, ಅಂದರೆ ಭೂಮಧ್ಯರೇಖೆಯಿಂದ ಉತ್ತರಕ್ಕೆ ಎಷ್ಟು ಮೀಟರ್ ಅನ್ನುವ ಅಂಕಿ, 14 ಲಕ್ಷದ 53 ಸಾವಿರ ಚಿಲ್ಲರೆ. ಸರ್ವೆಯವರ ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಜಾಗ ಹೇಳುವ ಪದ್ಧತಿ) ಅಂಕಿ ಹಾಗೇ ಒಳಗೆ ಬಂದಿದೆ. ಜಿಎಲ್‌ಬಿ ಫೈಲಿನಲ್ಲಿ, ಅಂದರೆ ಬ್ರೌಸರ್ ತೆರೆಯುವ 3ಡಿ ಫೈಲಿನಲ್ಲಿ, ಆ ಅಂಕಿ 32 ಬಿಟ್ ಫ್ಲೋಟ್ ಆಗುತ್ತದೆ, ಅಂದರೆ ಸುಮಾರು ಏಳು ಅಂಕೆಗಳಷ್ಟೇ ನಿಖರ. ಅಷ್ಟು ದೊಡ್ಡ ಅಂಕಿಯಲ್ಲಿ ಒಂದು ಬೆಲೆಯಿಂದ ಮುಂದಿನದಕ್ಕೆ ಹನ್ನೆರಡೂವರೆ ಸೆಂಟಿಮೀಟರ್ ಜಿಗಿತ. ನಮ್ಮ ನಾಲ್ಕೂವರೆ ಇಂಚಿನ ಗೋಡೆಯೇ ಅದಕ್ಕಿಂತ ತೆಳು, ಅಲ್ವಾ?

ಬ್ಲೆಂಡರ್‌ಗೆ (3ಡಿ ಸಾಫ್ಟ್‌ವೇರ್) ತಂದಮೇಲೆ ಮಾಡೆಲನ್ನು ಸೊನ್ನೆಯ ಹತ್ತಿರ ಸರಿಸಿದರೆ ಪ್ರಯೋಜನವಿಲ್ಲ, ಅದರೊಳಗೂ 32 ಬಿಟ್ಟೇ. ನಾನು ಸರಿಸಿದೆ, ನಡುಕ ನಿಂತಿತು, ಖುಷಿಪಟ್ಟೆ. ಹತ್ತಿರ ಹೋಗಿ ನೋಡಿದರೆ ಕಿಟಕಿ ಸರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕೆಟ್ಟದ್ದು ಕೆಟ್ಟಿತ್ತು. ಮೊದಲೇ, ಆಟೋಕ್ಯಾಡ್‌ನಲ್ಲೇ, ಎಲ್ಲವನ್ನೂ ಒಂದೇ ಸಲ ಸೊನ್ನೆಯ ಹತ್ತಿರ ತನ್ನಿ. ಪೂರ್ತಿ ಸಾವಿರಗಳನ್ನೇ ಕಳೆಯಿರಿ, ಕಟ್ಟಡದ ಮೂಲೆಯ ಅಂಕಿ ಹಿಡಿದು ಕಳೆದರೆ ಆಮೇಲೆ ದಶಾಂಶ ಮರೆಯುತ್ತೀರಿ. ಎಷ್ಟು ಕಳೆದಿರಿ ಅಂತ ಪಕ್ಕದಲ್ಲೇ ಟೆಕ್ಸ್ಟ್ ಫೈಲಿನಲ್ಲಿ ಬರೆದಿಡಿ. ಎತ್ತರದ ಅಂಕಿ ಹಾಗೇ ಬಿಡಿ, ಎಂಟುನೂರು ಚಿಲ್ಲರೆ ಮೀಟರಿಗೆ ಏನೂ ಆಗುವುದಿಲ್ಲ. ಲೇಸರ್ ಸ್ಕ್ಯಾನ್ ಇದ್ದರೆ, ಅದನ್ನು ನೋಡುವ ಸಾಫ್ಟ್‌ವೇರ್ ಕ್ಲೌಡ್‌ಕಂಪೇರ್ ತೆರೆಯುವಾಗಲೇ ಗ್ಲೋಬಲ್ ಶಿಫ್ಟ್ (ಇದೇ ಕಳೆಯುವ ಕೆಲಸ) ಮಾಡಲೇ ಅಂತ ಕೇಳುತ್ತದೆ. ಸುಮ್ನೆ ಬೇಡ ಅಂತ ಒತ್ತಬೇಡಿ.

ಇನ್ನೊಂದು. ಎರಡು ಯುಟಿಎಂ ವಲಯಗಳ ಗಡಿಯಾದ 78 ಡಿಗ್ರಿ ರೇಖಾಂಶ ನಿಮ್ಮ ಜಿಲ್ಲೆಯ ಮೇಲೇ ಹಾಯುತ್ತದೆ. ಮಾಲೂರು 43ನೇ ಯುಟಿಎಂ ವಲಯ, ಕೋಲಾರ ಪಟ್ಟಣ 44. ಬೆರೆಸಿದರೆ ಮಂಟಪ ನೂರಾರು ಕಿಲೋಮೀಟರ್ ಆಚೆ ಹೋಗಿ ಕೂರುತ್ತದೆ.

ಡ್ರಾಕೋ (ಮಾಡೆಲಿನ ಆಕಾರವನ್ನು ಕುಗ್ಗಿಸುವ ವಿಧಾನ) ಹಾಕಿದೆ, ಹಗುರವಾಯಿತು ಅಂತ ಯಾರೋ ಮೇಲೆ ಬರೆದಿದ್ದಾರೆ. ಡೌನ್‌ಲೋಡ್ ಹಗುರ, ಸರಿ. ಬಿಚ್ಚಿದಮೇಲೆ ತ್ರಿಕೋನ ಅಷ್ಟೇ ಇರುತ್ತವೆ. ಮೊಬೈಲ್ ಸಾಯುವುದು ಜಾಸ್ತಿ ಮೇಲ್ಮೈಗೆ ಅಂಟಿಸುವ ಚಿತ್ರದಿಂದ, ಅಂದರೆ ಟೆಕ್ಸ್ಚರ್‌ನಿಂದ. ಉದ್ದ ಅಗಲ 4096 ಪಿಕ್ಸೆಲ್‌ನ ಒಂದು ಚಿತ್ರ ಜೆಪೆಗ್‌ನಲ್ಲಿ 2 ಎಂಬಿ ಇದ್ದರೂ ಗ್ರಾಫಿಕ್ಸ್ ಮೆಮೊರಿಯಲ್ಲಿ 64 ಎಂಬಿ. ಗ್ರಾನೈಟ್ ನೆಲಕ್ಕೆ ಅಷ್ಟು ಯಾಕೆ? 1024 ಸಾಕು, ಆದರೆ ಕೆಟಿಎಕ್ಸ್2 (ಗ್ರಾಫಿಕ್ಸ್ ಮೆಮೊರಿಯಲ್ಲೂ ಕುಗ್ಗಿಯೇ ಇರುವ ಚಿತ್ರದ ಫೈಲ್) ಮಾಡಿ. ಎಫ್‌ಬಿಎಕ್ಸ್ (ಇನ್ನೊಂದು ಬಗೆಯ 3ಡಿ ಫೈಲ್) ದಾರಿ ನನಗಂತೂ ಆಗಿಬರುವುದಿಲ್ಲ. ಯೂನಿಟ್ ತಪ್ಪಿ ಮಂಟಪ ನೂರು ಪಟ್ಟು ದೊಡ್ಡದಾಗಿ ಬಂದದ್ದು ನೋಡಿದ್ದೇನೆ.

ಸರ್ವೆಯ ಮೂಲ ಡಿಡಬ್ಲ್ಯೂಜಿ (ಆಟೋಕ್ಯಾಡ್ ಫೈಲ್) ಇನ್ನೂ ಇಟ್ಟಿದ್ದೀರಿ ತಾನೆ? ಇಲ್ಲದಿದ್ದರೆ ಇವತ್ತೇ ಫೋನ್ ಮಾಡಿ ಕೇಳಿ. ಈಗಿರುವ ಜಿಎಲ್‌ಬಿಯಿಂದ ಅದನ್ನು ವಾಪಸ್ ತೆಗೆಯಲು ಆಗುವುದಿಲ್ಲ.